ಹಾರ್ನು ಮತ್ತು ಉಪ್ಪು

ಖಾನಾಪುರದ ದವಾಖಾನೆಯ ಕಟ್ಟೆಯ ಮೇಲೆ ಔಷಧಕ್ಕೆ ಕಾದು ಕುಳಿತಿದ್ದ ಮಾರ್ತಾಂಡ, ಬಾಜುವಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬಿದ್ದೊಡನೆ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡ. ಅವನು ಸಾವುಕಾರರ ಮೋಟಾರಿನ ಡ್ರೈವರ.

“ನಿನ್ನ ಮಗನ ಕಾಲು ಕೂಡೇತೇನ, ಸಿದ್ದಕ್ಕ?”

“ಕೂಡೇತಿ, ಮಾಯವ್ವ. ಆದ್ರ ಕುಂಟೂದು ಬಿಟ್ಟಿಲ್ಲ. ಸಾಲಿಗೆ ಹೊಂಟ ಕೂಸನ್ನ ಮೋಟಾರ್ ಹಾಯಿಸಿ ಕೆಡವಿದವ ಹೊಳ್ಳಿ ಸೈತ ನೋಡಲಿಲ್ಲ.”

“ಸಾವ್ಕಾರ ಏನಂದ?”

“‘ಹಾರ್ನ್ ಹೊಡದಿದ್ವಿ, ಹುಡುಗ ಯಾಕ ಸರೀಲಿಲ್ಲ?’ ಅಂದ.”

“ಅವನ ಬಾಯಾಗ ಮಣ್ಣ ಬೀಳಲಿ! ನೀ ಸುಮ್ಮನ ಬಂದೀ?”

“ಸುಮ್ಮನ ಬರತೇನೇನ? ಬೆಳಗಾವಿ ಕ್ಯಾಂಪಿನ ಗುಜರಿ ಅಂಗಡಿಗೆ ಹೋಗಿ ಒಂದು ಹಳೇ ಮೋಟಾರ್ ಹಾರ್ನ್ ತಂದೆ. ದಿನಾ ಅದನ್ನ ಊದೂದು, ಕುರಿಗೆ ಉಪ್ಪು ಹಾಕೂದು. ಈಗ ಹಾರ್ನ್ ಕೇಳಿದ್ರ ಸಾಕು, ಹಿಂಡಿಗೆ ಹಿಂಡೇ ಓಡಿ ಬಂದು ಮುತ್ತತೈತಿ.”

“ಸಾಲಿ ರಸ್ತೇಕ ಹೊಡಕೊಂಡು ಹೋಗಾಕಿ ಏನ?”

“ನಾಳಿಂದ, ಗಂಟಿ ಹೊಡಿಯೂ ಹೊತ್ತಿಗೆ. ಹುಡುಗರೆಲ್ಲಾ ದಾಟೂ ತನಕ ಮೋಟಾರು ಕುರಿ ನಡುವ ನಿಂದರಲಿ.”

ಕಂಪೌಂಡರ ಕೂಗಿ ಕರೆದ. ಸಿದ್ದಕ್ಕ ಎಣ್ಣೆಯ ಬಾಟಲಿ ಇಸಿದುಕೊಂಡು ಹೊರಟವಳು, ಮಾರ್ತಾಂಡನ ಮುಂದೆ ಬಂದು ನಿಂತಳು.

“ನಾಳೆ ಸಾಲಿ ಮುಂದ ಜೋರ್ ಹಾರ್ನ್ ಹೊಡೀರಿ, ಡ್ರೈವರಣ್ಣಾ. ನನ್ನ ಕುರಿ ಉಪ್ಪಿಗೆ ಕಾಯಾಕತ್ತಾವು.”