ದೊಡ್ಡ ರೋಬೋಟಿಗೆ ಎಂಥ ಮೋಟಾರ್ ಬೇಕು?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ರೋಬೋಟ್ ಕಟ್ಟುವ ಹುಚ್ಚು ಹಿಡಿಸಿಕೊಂಡಿರುವ ನಮ್ಮ ಸಂಘದ ಸದಸ್ಯರೇ, ಆ ಹುಚ್ಚನ್ನು ಸಹಿಸಿಕೊಂಡು ಬಂದಿರುವ ಅವರ ಮನೆಯವರೇ, ಮತ್ತು ನೆಚ್ಚಿನ ಸಭಿಕರೇ,

ಹೊಸ ಸದಸ್ಯರಿಗೆ ಉಪಯೋಗವಾಗುವಂತೆ, ದೊಡ್ಡ ರೋಬೋಟಿಗೆ ಬಲವಾದ ಗೇರ್ ಮೋಟಾರ್ ಆರಿಸುವುದು ಹೇಗೆ ಎಂದು ಹತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ನಾನು ಬಟ್ಟೆ ಹೊಲಿಯುವವಳು. ಅಳತೆ ಮೀರಿದರೆ ಒಳಗೆ ಮಡಿಚಿ ಹೊಲಿಗೆ ಹಾಕುವುದು ನಮಗೆ ರೂಢಿ, ಮಾತಿನಲ್ಲಿ ಆ ಸೌಕರ್ಯ ಇಲ್ಲ. ಮೂರನೆಯ ಸಾಲಿನಲ್ಲಿ ನನ್ನ ಸೊಸೆ ಕುಳಿತಿದ್ದಾಳೆ. ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: "ಅತ್ತೆ, ಮೋಟಾರ್ ಬಗ್ಗೆ ಮಾತ್ರ ಹೇಳಿ, ಮನೆ ವಿಷಯ ಎತ್ಬೇಡಿ." ಆಗಲಿ ಎಂದಿದ್ದೇನೆ. ಆದರೆ ಬಾಗಿಲ ಬಳಿ ಬಸ್ ಡ್ರೈವರ್ ಒಬ್ಬರು ಡ್ಯೂಟಿ ಅಂಗಿಯಲ್ಲೇ ಬಂದು ನಿಂತಿದ್ದಾರೆ. ಎಷ್ಟೋ ತಿಂಗಳಿಂದ ಒಂದು ಉತ್ತರಕ್ಕೆ ಕಾಯುತ್ತಿದ್ದಾರೆ. ಅವರನ್ನು ಬಿಟ್ಟು ಮೋಟಾರಿನ ಬಗ್ಗೆ ಹೇಳುವುದು ನನ್ನಿಂದ ಸಾಧ್ಯವೇ, ನೀವೇ ನೋಡಿ.

ಅಂಗಡಿಗೆ ಹೋದವರು ಮೊದಲು ಏನು ಕೇಳುತ್ತಾರೆ? ಎಷ್ಟು ಜೋರಾಗಿ ತಿರುಗುತ್ತದೆ ಎಂದು ಕೇಳುತ್ತಾರೆ. ನನ್ನ ಮಗನೂ ಅದನ್ನೇ ಕೇಳಿದ್ದ. ಮನೆಯ ಮುಂದಿನ ಕೋಣೆಯಲ್ಲಿ ತನ್ನಷ್ಟೇ ಎತ್ತರದ ರೋಬೋಟ್ ಎಬ್ಬಿಸಿದ. "ಅಮ್ಮಾ, ಇದು ಹೊರಟ್ರೆ ಬೀದಿಯವರೆಲ್ಲ ದಾರಿ ಬಿಡ್ಬೇಕು" ಎನ್ನುತ್ತಿದ್ದ. ಬಹಳ ವೇಗದ ಮೋಟಾರನ್ನೇ ತಂದು ಹಾಕಿದ. ಸ್ವಿಚ್ ಒತ್ತಿದರೆ ರೋಬೋಟ್ ಗುಂಯ್ ಎಂದಿತೇ ಹೊರತು ಕದಲಲಿಲ್ಲ, ಸುಟ್ಟ ವಾಸನೆ ಬಂತು. ಹೊಲಿಗೆಯಲ್ಲೂ ಹೀಗೆಯೇ ಅಲ್ಲವೇ? ದಪ್ಪ ಮಡಿಕೆ ಬಂದಾಗ ಜೋರಾಗಿ ಓಡಿಸಿದರೆ ಸೂಜಿ ಮುರಿಯುತ್ತದೆ. ಮೋಟಾರಿಗೆ ಗೇರ್ ಪೆಟ್ಟಿಗೆ ಜೋಡಿಸಿದರೆ ಸುತ್ತು ಕಡಿಮೆಯಾಗಿ ಬಲ ಹೆಚ್ಚುತ್ತದೆ. ಭಾರದ ರೋಬೋಟಿಗೆ ಬೇಕಾದದ್ದು ಆ ಬಲ. ಮಗನಿಗೆ ಅದು ಅರ್ಥವಾಗುವ ಹೊತ್ತಿಗೆ ಕಾಯಿಲೆ ಬಂದಿತ್ತು. ನಮ್ಮ ಕೈ ಮೀರಿ ಹೋಯಿತು. ಮಗ ಉಳಿಯಲಿಲ್ಲ.

ಆಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು, ಅತ್ತೆ ಸೊಸೆ, ಜೊತೆಗೆ ಆ ರೋಬೋಟ್. ಅತ್ತೆ ಸೊಸೆ ಎಂದರೆ ಮಾತಿಗೆ ಬರವಿಲ್ಲ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಅವಳು ರಕ್ತ ಪರೀಕ್ಷೆಯ ಲ್ಯಾಬಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ನಾನು ಹೊಲಿಯುತ್ತಿದ್ದೆ. ಒಂದು ದಿನ ಅವಳೇ ಕೇಳಿದಳು: "ಅತ್ತೆ, ಇದನ್ನ ಏನ್ ಮಾಡೋಣ?" ನಾನೆಂದೆ: "ಅವನು ನಿಲ್ಸಿ ಹೋಗಿದಾನೆ. ನಾವು ನಡೆಸೋಣ." ಅವತ್ತು ನಾವಿಬ್ಬರೂ ಎಷ್ಟೋ ದಿನದ ಮೇಲೆ ಒಟ್ಟಿಗೆ ಕುಳಿತು ಊಟ ಮಾಡಿದೆವು.

ಇರಲಿ, ವಿಷಯಕ್ಕೆ ಬರುತ್ತೇನೆ. ರೋಬೋಟಿನ ತೂಕ ಎಷ್ಟು, ಹತ್ತಬೇಕಾದ ಇಳಿಜಾರು ಎಷ್ಟು, ಚಕ್ರ ಎಷ್ಟು ದೊಡ್ಡದು, ಇವು ಮೂರನ್ನೂ ಲೆಕ್ಕ ಹಾಕಿರಿ. ಚಕ್ರ ದೊಡ್ಡದಾದಷ್ಟೂ ಹೆಚ್ಚು ಬಲ ಬೇಕು. ಕೈಗಳಾದರೆ ಉದ್ದವನ್ನೂ ನೋಡಬೇಕು. ತುಂಬಿದ ಬಕೆಟ್ಟನ್ನು ಮೈಗೆ ಒತ್ತಿ ಹಿಡಿಯುವುದು ಬೇರೆ, ಕೈ ಚಾಚಿ ಹಿಡಿಯುವುದು ಬೇರೆ. ಲೆಕ್ಕದಲ್ಲಿ ಬಂದದ್ದರ ಎರಡು ಪಟ್ಟು ಬಲ ಇರುವ ಮೋಟಾರ್ ತನ್ನಿ. ಏಕೆಂದರೆ ನಡೆಯುತ್ತಿರುವ ರೋಬೋಟನ್ನು ನಡೆಸುವುದಕ್ಕಿಂತ ನಿಂತದ್ದನ್ನು ಹೊರಡಿಸುವುದೇ ಕಷ್ಟ.

ಇನ್ನು ವರ್ಮ್ ಗೇರ್. ಇದರ ಗುಣ ಏನೆಂದರೆ ಮೋಟಾರು ಚಕ್ರವನ್ನು ತಿರುಗಿಸಬಹುದು, ಆದರೆ ಚಕ್ರ ಹಿಡಿದು ಮೋಟಾರನ್ನು ತಿರುಗಿಸಲು ಆಗುವುದಿಲ್ಲ. ಕರೆಂಟು ಹೋದರೆ ಇದ್ದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಒಮ್ಮೆ ಕರೆಂಟು ಹೋಗಿ ರೋಬೋಟಿನ ಕೈ ಧೊಪ್ಪೆಂದು ನನ್ನ ಹೆಗಲ ಮೇಲೆ ಬಿತ್ತು. ಮಾರನೆಯ ದಿನವೇ ಸೊಸೆ ಕೈಗಳಿಗೆ ವರ್ಮ್ ಗೇರ್ ಹಾಕಿಸಿದಳು. ಕೈ ಎತ್ತಿದರೆ ಎತ್ತಿದಂತೆಯೇ ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ, "ಚಕ್ರಕ್ಕೂ ಇದನ್ನೇ ಹಾಕ್ಬಿಡೋಣ, ಇಳಿಜಾರಲ್ಲಿ ಜಾರಲ್ಲ" ಎಂದುಬಿಟ್ಟೆ. ಅವಳು ಬೇಡ ಎಂದಳು. ಅತ್ತೆಯ ಮಾತು, ಕೊನೆಗೆ ನಡೆಯಿತು.

ಅದರ ಫಲ ಏನಾಯಿತು? ಕಳೆದ ವಾರ್ಷಿಕೋತ್ಸವಕ್ಕೆ ರೋಬೋಟನ್ನು ನಡೆಸಿಕೊಂಡು ಬರುತ್ತಿದ್ದೆವು. ನಡುರಸ್ತೆಯಲ್ಲಿ ಬ್ಯಾಟರಿ ಸತ್ತಿತು. ಬೇರೆ ಗೇರ್ ಆಗಿದ್ದರೆ ಇಬ್ಬರೂ ಸೇರಿ ತಳ್ಳಿ ಬದಿಗೆ ಒಯ್ಯುತ್ತಿದ್ದೆವು. ಇದು ಬಿಲ್ಕುಲ್ ಕದಲಲಿಲ್ಲ. ಹಿಂದೆ ಬಸ್ಸು, ಬಸ್ಸಿನ ಹಿಂದೆ ಊರೆಲ್ಲ ಹಾರ್ನು. ಡ್ರೈವರ್ ಇಳಿದು ಬಂದರು. ಬೈಯುತ್ತಾರೆ ಎಂದುಕೊಂಡೆ. ರೋಬೋಟನ್ನು ಒಮ್ಮೆ ತಳ್ಳಿ ನೋಡಿ ಕೇಳಿದರು: "ಏನಮ್ಮಾ, ಬ್ರೇಕ್ ಹಾಕಿದೀರಾ?" "ಬ್ರೇಕ್ ಇಲ್ಲಪ್ಪಾ, ಮೋಟಾರೇ ಹಾಗೆ" ಎಂದೆ. ನನ್ನ ಸೊಸೆ ನಕ್ಕುಬಿಟ್ಟಳು. ಮಗ ಹೋದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಅವರೂ ನಾಲ್ವರು ಪ್ರಯಾಣಿಕರೂ ಸೇರಿ ರೋಬೋಟನ್ನು ಎತ್ತಿ ಫುಟ್‌ಪಾತಿನ ಮೇಲಿಟ್ಟರು. ವಿಳಾಸವನ್ನು ನಾನೇ ಕೊಟ್ಟೆ. ಮರುದಿನ ಡ್ರೈವರ್ ಮನೆಗೆ ಬಂದು "ರೋಬೋಟ್ ಹೇಗಿದೆ?" ಎಂದು ಕೇಳಿದರು. ಆಮೇಲೆ ರಜೆ ಸಿಕ್ಕಿದಾಗಲೆಲ್ಲ ಬಂದು ಕೇಳಿದರು. ಇಂಥ ಕ್ಷೇಮಸಮಾಚಾರ ಯಾವ ರೋಬೋಟಿಗೂ ಸಿಕ್ಕಿರಲಾರದು. ಹೊಸ ಸದಸ್ಯರು ಗಮನಿಸಿ: ಚಕ್ರಕ್ಕೆ ತಪ್ಪು ಮೋಟಾರ್ ಹಾಕಿದರೆ ಅಳಿಯ ಸಿಗುವ ಸಂಭವವಿದೆ.

ನಗಬೇಡಿ, ಸೊಸೆ ಕಣ್ಣು ಬಿಡುತ್ತಿದ್ದಾಳೆ. ಡ್ರೈವರ್ ಬಹಳ ಮಾತಿನವರಲ್ಲ. ನನ್ನೆದುರೇ ಕೇಳಿದರು, ಮದುವೆಯಾಗುವ ಮನಸ್ಸಿದೆಯೇ ಎಂದು. ಇವಳು ಹೇಳಿದಳು: "ರೋಬೋಟ್ ಮುಗೀಲಿ, ಆಮೇಲೆ ಹೇಳ್ತೀನಿ." ಅವರು ಹೋದ ಮೇಲೆ ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತು ಕೇಳಿದಳು: "ನಾನು ಹೋದ್ರೆ ನಿಮಗೆ ಯಾರಿದಾರೆ ಅತ್ತೆ?"

ಅಂದಿನಿಂದ ರೋಬೋಟ್ ಮುಗಿಯುತ್ತಲೇ ಇಲ್ಲ. ಚಕ್ರದ ವರ್ಮ್ ಗೇರ್ ತೆಗೆದು ಬೇರೆ ಹಾಕಿದೆವು, ಅದು ಸರಿ. ಬಣ್ಣ ಸಾಲದು ಎಂದು ಅವಳು ಬಿಚ್ಚಿದಳು. ಕತ್ತು ಸೊಟ್ಟ ಇದೆ ಎಂದು ಬಿಚ್ಚಿದಳು. ಆಮೇಲೆ ಗೇರಿನ ಶಬ್ದ ಹೆಚ್ಚಾಯಿತೆಂದು ಮತ್ತೆ ಬಿಚ್ಚಿದೆವು. ಆ ದೂರು ನನ್ನದು. ಗೇರ್ ಎಂದ ಮೇಲೆ ಶಬ್ದ ಇಲ್ಲದಿರುತ್ತದೆಯೇ? ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ನನಗೆ ಅದು ಗೊತ್ತಿಲ್ಲವೇ? ಗೊತ್ತು. ಆದರೂ ಅವಳು ಗೇರ್ ಪೆಟ್ಟಿಗೆ ಬಿಚ್ಚಲು ಕುಳಿತ ರಾತ್ರಿ, ಇನ್ನೂ ಮುಗಿದಿಲ್ಲವಲ್ಲ ಎಂದು ನನಗೆ ಒಳ್ಳೆಯ ನಿದ್ದೆ ಬಂತು... ಇರಲಿ, ಅದು ಬೇಡ. ಎಲ್ಲಿದ್ದೆ? ಹಾಂ, ಶಬ್ದ.

ಸಭಿಕರೇ, ಒಂದು ರೋಬೋಟ್ ಮುಗಿಯಿತು ಎಂದು ಹೇಳಬೇಕಾದವರು ಯಾರು? ಇವತ್ತು ಬೆಳಿಗ್ಗೆ ಅವಳು ಲ್ಯಾಬಿಗೆ ಹೋದ ಮೇಲೆ ನಾನೊಬ್ಬಳೇ ಅದನ್ನು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋದೆ. ಅಲ್ಲಿ ಸ್ವಿಚ್ ಆರಿಸಿ, ಸೆರಗು ಸಿಕ್ಕಿಸಿ, ಒಬ್ಬಳೇ ತಳ್ಳಿಕೊಂಡು ಮನೆಗೆ ತಂದೆ. ಯಾರ ಸಹಾಯವೂ ಬೇಕಾಗಲಿಲ್ಲ. ಈ ಸಂಘದ ಎಲ್ಲರ ಮುಂದೆ ಹೇಳುತ್ತಿದ್ದೇನೆ, ರೋಬೋಟ್ ಮುಗಿದಿದೆ.

ನನಗೆ ಯಾರಿದ್ದಾರೆ ಎಂದು ಕೇಳಿದೆಯಲ್ಲ, ಅಂದು ಉತ್ತರ ಹೇಳಲಿಲ್ಲ, ಈಗ ಹೇಳುತ್ತೇನೆ. ನೀನಿದ್ದೀಯ. ಅವರ ಬೀದಿಯಲ್ಲಿದ್ದರೂ ನೀನೇ, ನಮ್ಮ ಬೀದಿಯಲ್ಲಿದ್ದರೂ ನೀನೇ. ಸೊಸೆ ಮನೆ ಬಿಟ್ಟು ಹೋದಳು ಎಂದು ಜನ ನೂರು ಮಾತಾಡಬಹುದು. ಮಗಳು ಮದುವೆಯಾಗಿ ಹೋದಳು ಎಂದರೆ ಯಾರು ಏನನ್ನುತ್ತಾರೆ? ಮದುವೆಯ ದಿನ ಹುಡುಗಿಯ ತಾಯಿ ಯಾರು ಎಂದು ಕೇಳಿದರೆ ನಾನು ಮುಂದೆ ಬರುತ್ತೇನೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮೋಟಾರಿನ ಬಗ್ಗೆ ಸಂದೇಹಗಳಿದ್ದರೆ ಇನ್ನೊಂದು ದಿನ ಮನೆಗೇ ಬಂದು ಕೇಳಿ, ಇವತ್ತು ನನ್ನಿಂದ ಆಗದು. ಮಾತನಾಡಲು ಬಿಟ್ಟ ಅಧ್ಯಕ್ಷರಿಗೆ, ಗಡಿಯಾರ ನೋಡದ ಕಾರ್ಯದರ್ಶಿಗಳಿಗೆ, ಅತ್ತೆಯ ಹರಟೆಯನ್ನು ಭಾಷಣವೆಂದು ಕೇಳಿದ ನಿಮಗೆಲ್ಲರಿಗೂ ನಾನು ಋಣಿ...

ಅಯ್ಯೋ, ನೀನೇಕೆ ಎದ್ದೆ? ಇತ್ತ ಬರಬೇಡ, ನಾನು ಅತ್ತುಬಿಡುತ್ತೇನೆ. ನನ್ನ ಕಡೆ ಅಲ್ಲ ಮಗಳೇ. ಬಾಗಿಲ ಕಡೆ ಹೋಗು.

ನಮಸ್ಕಾರ.