ಹಿಡಿದಿಟ್ಟ ಮಾತು

ನಗಬ್ಯಾಡ ವಿಜಿ. ಮಗಳು ಆಫ್ರಿಕಾದಾಗ ಸ್ವಯಂಸೇವಕಿ ಅಂತ ಪ್ರಮಾಣ ಮಾಡಿದ ಫೋಟೋ ಕಳಿಸಿದ್ರ ಬ್ಯಾರೆ ಅಪ್ಪಂದಿರು ಮಗಳ ಮಾರಿ ನೋಡ್ತಾರ. ನಾ ಮೊದಲ ಊಟದ ತಾಟು ನೋಡಿದೆ. ಆ ಅನ್ನ ಯಾವ ತಳೀದವಾ? ಅಗಳು ದಪ್ಪ ಕಾಣ್ತೈತಿ... ಅಲ್ಲೇ ಬೆಳೆದದ್ದೇನು? ಹೂಂ. ಮೂವತ್ತು ವರ್ಷ ಗಂಗಾವತ್ಯಾಗ ಅಕ್ಕಿ ಮಾರಿದ ಕಣ್ಣು, ಮತ್ತೇನು ನೋಡೀತು.

ನಿನ್ನ ಮಾರೀನೂ ನೋಡಿದೆ ಬಿಡು. ಸೊರಗೀದಿ. ಮೂರು ತಿಂಗಳು ತರಬೇತಿ ಕೊಡ್ತೀವಿ ಅಂತ ಬರೇ ಮೆಕ್ಕೆಜೋಳದ ಮುದ್ದಿ ತಿನಿಸ್ಯಾರ... ಏನಂತಾರ ಅದಕ್ಕ? ಹಾಂ, ಅದ. ನನ್ನ ನಾಲಿಗಿ ಹೊರಳೂದಿಲ್ಲ. ಪ್ರಮಾಣ ಅವರ ಭಾಷಾದಾಗ ಮಾಡಿದೇನು? ಪೂರಾ? ಎಲ್ಲೂ ತಡವರಿಸಲಿಲ್ಲ? ಛಲೋ ಆತು. ಅಂದ್ರ ನಾಳಿಂದ ನೀ ಕಲಿಯೋ ಹುಡುಗಿ ಅಲ್ಲ, ಖರೇ ಖರೇ ಸ್ವಯಂಸೇವಕಿ. ಎರಡು ವರ್ಷ ಆ ಹಳ್ಳಿ ಮಂದಿಗೆ ಭತ್ತದ ನಾಟಿ ಕಲಿಸಾಕಿ.

ಹಂಗಾದ್ರ ಇನ್ನ ಯಾರೂ ಪಟ್ಟ್ಯಾಗಿಂದ ನಿನ್ನ ಹೆಸರು ಹೊಡಿಯಂಗಿಲ್ಲ, ಹೌದಲ್ಲ? ತರಬೇತಿ ನಡುವ ಊರಿಗೆ ಹೋದ್ರ ಹೆಸರು ಹೊಡಿತಾರ ಅಂತಿದ್ದಿ. ಈಗ ಹಂಗಿಲ್ಲ? ರಜಾ ಕೊಡ್ತಾರ? ಎಷ್ಟು ದಿನ?... ಏನಿಲ್ಲವಾ, ಸುಮ್ನ ಕೇಳಿದೆ. ವ್ಯಾಪಾರಸ್ಥ, ಕರಾರು ತಿಳಕೋಬೇಕಲ್ಲ.

ವಿಡಿಯೋ ಬ್ಯಾಡ. ಅಂಗಡ್ಯಾಗ ಅದೀನಿ, ಹಮಾಲರು ಲಾರಿ ಇಳಸಾಕ ಹತ್ಯಾರ, ಕಣ್ಣು ತೆರಿಯಾಕ ಬರದಂಗ ಧೂಳು. ಅವ್ವ? ಅವ್ವ ಮನ್ಯಾಗ... ಈ ಹೊತ್ತಿಗೆ ಮಲಗಿರ್ತಾಳ.

ಯಾಕ, ಪ್ರತೀ ಐತವಾರ ಆಕಿ ವಾಯ್ಸ್ ಮೆಸೇಜ್ ಬಂದಿಲ್ಲೇನು ನಿನಗ? ನೀ ಕೇಳಿದ್ದೊಂದು ಆಕಿ ಹೇಳೂದೊಂದು ಅಂದ್ರ ನಾ ಏನು ಮಾಡ್ಲಿ. ನಿಮ್ಮವ್ವ ಹುಲಿಗವ್ವ ಯಾವಾಗ ಕೇಳಿದ್ದಕ್ಕ ಉತ್ತರ ಕೊಟ್ಟಾಳ? ನಮ್ಮ ಲಗ್ನ ಆದಾಗಿಂದ ಕೊಟ್ಟಿಲ್ಲ... ಏನು? ಐದರಾಗೂ ಹಿಂದ ಒಂದ ಫ್ಯಾನು ಕಟಕಟ ಅಂತೈತಿ? ನಡುಮನಿ ಫ್ಯಾನು ಕೆಟ್ಟೈತಿ. ಹೌದು, ನೀ ಹೋಗೂ ಮುಂದ ಹೊಸಾದು ಹಾಕ್ಸಿದ್ದೆ. ಹೊಸಾದು ಕೆಡೂದಿಲ್ಲೇನು? ಪೊಲೀಸರಂಗ ಕೇಳ್ತೀಯಲ್ಲ.

ಅದಿರಲಿ, ನಗೂ ಸುದ್ದಿ ಹೇಳ್ತೀನಿ. ಹುಬ್ಬಳ್ಯಾಗ ಖಾನಾವಳಿ ಇಟ್ಟಾನಲ್ಲ ನೂರಸಾಬ, ಹೋದ ವಾರ ಫೋನ್ ಮಾಡಿ ಉಗಿದ. ‘ಪಂಪಾಪತಿ ಸಾವ್ಕಾರ್ರ, ನಾ ಅಕ್ಕಿ ಕೇಳಿದ್ರ ನೀವು ಗಂಜಿ ಕಳಿಸೀರಿ’ ಅಂತ. ಹಳೇ ಸೋನಾ ಅಕ್ಕಿ ಅಂತ ಒಂದು ಲೋಡ್ ತಗೊಂಡಿದ್ದೆ, ಎಲ್ಲಾ ಹೊಸಾದು. ಒಲಿ ಮ್ಯಾಲ ಇಟ್ಟ ಕೂಡ್ಲೆ ಅಂಟಿ ಮುದ್ದಿ ಆಗ್ಯಾವ. ಪ್ಯಾಟ್ಯಾಗೆಲ್ಲಾ ನಗಾಕ ಹತ್ಯಾರ. ಪಂಪಾಪತಿ ಕಣ್ಣಿಗೆ ಪೊರಿ ಬಂದೈತಿ ಅಂತ...

ನೀ ಯಾಕ ನಗವಲ್ಲಿ?

ಕುದಿಸಿ ನೋಡಿದ್ವಿ... ಇಲ್ಲ, ನೋಡಲಿಲ್ಲ. ಗಡಿಬಿಡಿ ಆಗಿತ್ತು. ಗೊತ್ತೈತಿ ನನಗೂ. ಮೂವತ್ತು ವರ್ಷದಾಗ ಒಂದು ಲೋಡೂ ಹಂಗ ತಗೊಂಡಿಲ್ಲ. ಒಂದು ಮುಷ್ಟಿ ಮನೀಗಿ ಹೋಗಬೇಕು, ಆಕಿ ಸಣ್ಣ ಬೋಗುಣ್ಯಾಗ ಕುದಿಸಬೇಕು, ಎರಡು ಅಗಳು ಬೆರಳಾಗ ಹಿಚುಕಿ ‘ತಗೋರಿ’ ಅನ್ನಬೇಕು. ಆಮ್ಯಾಲೆ ನಾ ಹೂಂ ಅನ್ನಬೇಕು. ನಿನ್ನ ಹಡದ ಮರುದಿನಾನೂ ಹಾಸಿಗ್ಯಾಗ ಕುಂತು ಹಿಚುಕಿ ನೋಡಿದಾಕಿ. ಜ್ವರ ಬಂದಾಗ ಬಿಟ್ಟಿಲ್ಲ, ಕೈ ಮುರಕೊಂಡಾಗ ಬಿಟ್ಟಿಲ್ಲ... ಹೌದು ವಿಜಿ. ನೀ ಹೇಳೂದು ಖರೇ. ಈ ಸರ್ತಿ ಯಾಕ ಬಿಟ್ಲು ಅಂದ್ರ...

ವಿಜಿ? ಲೈನ್ ಐತೇನು?

...ಐತಿ. ಉಸಿರು ಕೇಳಸ್ತೈತಿ.

ನಾ ಅಂಗಡ್ಯಾಗ ಇಲ್ಲವಾ. ಮನ್ಯಾಗ ಅದೀನಿ. ಲಾರಿ ಇಲ್ಲ, ಹಮಾಲರೂ ಇಲ್ಲ. ವಿಡಿಯೋ ಹಚ್ಚಿದ್ರ ನನ್ನ ಹಿಂದಿನ ಗ್ವಾಡಿ ಕಾಣ್ತಿತ್ತು. ಗ್ವಾಡಿ ಮ್ಯಾಲ ಆಕಿ ಫೋಟೋ ಹಾಕೀವಿ.

ಇಪ್ಪತ್ತಾರು ದಿನ ಆತು.

ನೀ ಹೋದ ಎರಡನೇ ವಾರಕ್ಕ ಕೊಪ್ಪಳದಾಗ ದವಾಖಾನಿಗೆ ಸೇರ್ಸಿದ್ವಿ. ಹೊಟ್ಯಾಗ ಗಡ್ಡಿ. ಡಾಕ್ಟರು ಆರು ತಿಂಗಳು ಅಂದ್ರು. ಮಂದಿ ಆರು ಅಂದ್ರ ಮೂರು ಹಿಡಿಯೂದು ನಮ್ಮ ವ್ಯಾಪಾರದ ರೂಢಿ. ನಾನೂ ಮೂರು ಹಿಡದೆ. ಅಷ್ಟರಾಗ ನಿನ್ನ ತರಬೇತಿ ಮುಗಿತಿತ್ತು, ರಜಾ ತಗೊಂಡು ಬರ್ತಿದ್ದಿ, ಎಲ್ಲಾ ಸರಿ ಹೊಂದತಿತ್ತು. ನೀ ಹೋದ ಒಂಬತ್ತನೇ ವಾರಕ್ಕ ಹೋಗಿಬಿಟ್ಲು.

ಆ ಫ್ಯಾನು ದವಾಖಾನೀದು. ಒಂದ ಮಧ್ಯಾಹ್ನ ದಿಂಬಿಗೆ ಆನಿಸಿ ಕುಂಡ್ರಿಸಿ ಐದೂ ಒಮ್ಮೆಲೆ ಮಾತಾಡಿಸಿ ಇಟ್ಕೊಂಡೆ. ವಾರಕ್ಕೊಂದು ಬಿಡಬೇಕಂತ. ಆಕಿ ಇದ್ದಾಗ ಒಂದು ಬಿಟ್ಟೆ, ಹೋದ ಮ್ಯಾಲೆ ನಾಕು ಬಿಟ್ಟೆ. ನಿಮ್ಮ ಅತ್ತಿ ಕಸ್ತೂರೆಮ್ಮನ ಮ್ಯಾಲ ಸಿಟ್ಟಾಗಬ್ಯಾಡ ನೀ. ನಿನಗ ತಿಳಿಸ್ತೀನಿ ಅಂತ ಆಕಿ ಅಳಾಕ ಹತ್ತಿದ್ಲು. ಎಲ್ಲಾರ ಬಾಯಿ ಮುಚ್ಚಿಸಿದಂವ ನಾನ. ಮುತ್ತೈದಿ ಹೋದ್ಲಂತ ಹಸರ ಸೀರಿ ಉಡಿಸಿ ಉಡಿ ತುಂಬಿದ್ರು. ಉಡಿಯಕ್ಕಿ ನಾನ ಆರಿಸಿದೆ. ಅದು ಹಳೇದೋ ಹೊಸಾದೋ ಹಿಚುಕಿ ಹೇಳಾಕಿ ಇದ್ದಿದ್ದಿಲ್ಲ.

ಆಕಿನ ಹೇಳಿದ್ಲವಾ... ಮಗಳ ಪ್ರಮಾಣ ಆಗೂತನಕ ತಿಳಿಸಬ್ಯಾಡ್ರಿ ಅಂತ.

...

ಏನರ ಅನ್ನು. ಇಷ್ಟು ಸುಮ್ನ ಕುಂದರಬ್ಯಾಡ. ನಿಮ್ಮವ್ವನೂ ಹಿಂಗ, ನಾ ಸುಳ್ಳು ಹೇಳಿದಾಗೆಲ್ಲಾ ಸುಮ್ನ ಕುಂದರತಿದ್ಲು.

ಇಲ್ಲ. ಆಕಿ ಹಂಗ ಅಂದಿದ್ದಿಲ್ಲ.

ನಿನಗ ಬಂದದ್ದು ಐದು. ಫೋನಿನಾಗ ಇರೂವು ಆರು. ಆರನೇದ್ದು ನಾ ಮಾತಾಡಿಸಿದ್ದಲ್ಲ. ನಾ ಔಷಧ ತರಾಕ ಕೆಳಗ ಹೋದಾಗ ಆಕಿನ ಒತ್ತಿ ಮಾತಾಡಿ ಇಟ್ಟಿದ್ಲು. ಕಳಸೂದು ಗೊತ್ತಿದ್ದಿಲ್ಲ ಆಕಿಗೆ. ‘ಕಳಿಸ್ರಿ’ ಅಂತ ನನ್ನ ಕೈಗೆ ಕೊಟ್ಲು. ನಾ ಹೊರಗ ಬಂದು ಕೇಳಿದೆ. ಕೇಳಿ ಹಿಡದಿಟ್ಟೆ. ಮರುದಿನ ‘ಕಳಿಸೀರಿ?’ ಅಂತ ಕೇಳಿದ್ಲು. ಕಳಿಸೀನಿ ಅಂದೆ. ಆಮ್ಯಾಲೆ ದಿನಾ ಕೇಳಿದ್ಲು, ‘ವಿಜಿ ಏನಂದ್ಲು?’ ಅಂತ. ದಿನಾ ಒಂದು ಹೇಳಿದೆ. ರಜಾ ಸಿಗವಲ್ದಂತ. ವಿಮಾನ ಇಲ್ಲಂತ. ಬರಾಕ ಹತ್ಯಾಳಂತ.

ಎರಡು ಸರ್ತಿ ಅರ್ಜಿ ಹಾಕಿ, ಮೂರನೇದಕ್ಕ ಆಯ್ಕೆ ಆಗಿದ್ದಿ ನೀನು. ಬಂದ್ರ ಹೆಸರು ಹೊಡಿತಿದ್ರು. ಇನ್ನೂ ಟೈಮ್ ಐತಿ ಅಂತ ತಿಳಕೊಂಡೆ ನಾ. ಅಷ್ಟ.

ಕಳಿಸೀನಿ ಈಗ. ಬಂತೇನು? ಫೋನ್ ಇಟ್ಟು ಒಬ್ಬಾಕಿನ ಕೇಳಬ್ಯಾಡ. ಹಿಂಗ ಇರಲಿ, ಹಚ್ಚು.

...ಹಾಂ. ಕೇಳಸ್ತೈತಿ ನನಗೂ. ಆ ಫ್ಯಾನು... ‘ವಿಜಿ, ಒಮ್ಮೆ ಬಂದು ಹೋಗವಾ. ನಿಮ್ಮಪ್ಪನ್ನ ಕೇಳಬ್ಯಾಡ, ಕೇಳಿದ್ರ ಅವರು ಬ್ಯಾಡ ಅಂತಾರ...’ ಅಷ್ಟ ಐತಿ. ಇನ್ನೊಂದೀಟು ಹೊತ್ತು ಫ್ಯಾನು ತಿರಗತೈತಿ, ಒತ್ತಿದ್ದು ಬಿಡೂದು ಗೊತ್ತಾಗಿಲ್ಲ ಆಕಿಗೆ.

ಫ್ಯಾನೂ ನಿಂತಿತು.

ವಿಜಿ?