ಚೌಕದ ಐದನೆಯ ಕಲ್ಲು

೧೯೭೨ನೇ ಇಸವಿ, ಮಾರ್ಚ್ ಒಂಬತ್ತು. ತಿರುವನಂತಪುರದಲ್ಲಿ ಹಗಲೆಲ್ಲ ಬೇಯಿಸುವಂಥ ಸೆಕೆ. ರಾತ್ರಿಯಾದರೂ ಒಂದು ಎಲೆ ಅಲುಗಲಿಲ್ಲ.

ನಮ್ಮ ಪಕ್ಕದ ಮನೆಯ ವೇದವತಿಯವರು ಪಾಳಿ ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಒಬ್ಬರೇ ನಡೆದು ಬರುತ್ತಿದ್ದರು. ಅವರ ಊರು ಕಾಸರಗೋಡಿನ ಕಡೆ. ಗಂಡ ನಟರಾಜರು ಮೈಸೂರಿನವರು, ಎಂಜಿನಿಯರು. ಚೌಕದ ಹೊಸ ಕಾರಂಜಿಗೆ ಕೊಳವೆ ಕೂರಿಸಿದವರು ಅವರೇ. ಸುತ್ತ ಐದು ಚಪ್ಪಡಿ ಕಲ್ಲು. ಯಾವುದರ ಮೇಲೆ ಕಾಲಿಟ್ಟರೆ ಅದರೆದುರಿನ ಬುಗ್ಗೆ ಚಿಮ್ಮುತ್ತಿತ್ತು. ಊರಿಗೆ ಊರೇ ಬಂದು ತುಳಿದು, ನೆನೆದು, ನಗುತ್ತಿತ್ತು.

ಮೊದಲು ಐದನೆಯ ಕಲ್ಲಿನ ಜಾಗದಲ್ಲೊಂದು ಹಳೇ ಬಾವಿಯಿತ್ತು. ಅದನ್ನು ಮುಚ್ಚಿಸುವಾಗ ವೇದವತಿ ಗಂಡನಿಗೆ ಹೇಳಿದ್ದರು.

"ನಮ್ಮ ಕಡೆ ಬಾವಿ ಮುಚ್ಚುವುದಾದರೆ, ಅದಕ್ಕೆ ಉಸಿರಾಡಲಿಕ್ಕೆ ಒಂದು ಕೊಳವೆ ಬಿಡುತ್ತಾರೆ. ನೀವೂ ಒಂದು ಇಡಿಸಿ."

"ಬಾವಿಗೂ ಮೂಗಿದೆಯೇನೇ?" ನಟರಾಜರು ನಕ್ಕು ಕಾಂಕ್ರೀಟು ಸುರಿಸಿಬಿಟ್ಟರು.

ಕಾರಂಜಿ ಶುರುವಾದ ವಾರದಲ್ಲೇ ಸುದ್ದಿ ಹಬ್ಬಿತು. ಪಂಪು ನಿಲ್ಲಿಸಿದ ಮೇಲೂ ಐದನೆಯ ಕಲ್ಲಿನ ಬುಗ್ಗೆ ಏಳುತ್ತದಂತೆ... ತುಳಿಯುವವರು ಯಾರೂ ಇರುವುದಿಲ್ಲವಂತೆ.

"ವೇದಾ, ಒಂದು ದಿನ ಹೆದರಿಕೊಂಡು ಬಂದರೂ ಸಾಕು, ಮಾರನೆಯ ದಿನ ಕೆಲಸ ಬಿಡಬೇಕು," ಅಂದರು ನಟರಾಜರು.

"ದೆವ್ವ ಇಲ್ಲ ಅಂತೀರಿ. ಮತ್ತೆ ನಾನು ಹೆದರುವುದು ಯಾರಿಗೆ, ನಿಮಗಾ?"

ಅದು ಬೆಳಗಿನ ಮಾತು. ಈಗ ಚೌಕದಲ್ಲಿ ನರಪಿಳ್ಳೆ ಇರಲಿಲ್ಲ. ಪಂಪಿನ ಕೋಣೆಗೆ ಬೀಗ ಬಿದ್ದಿತ್ತು.

ಟಪ್... ಟಪ್... ಒದ್ದೆ ಪಾದ ಕಲ್ಲಿಗೆ ತಾಗುವ ಸದ್ದು.

ಆಮೇಲೆ, ಸ್ಸ್ಸ್... ಐದನೆಯ ಬುಗ್ಗೆ ಎದ್ದಿತು. ಒಬ್ಬ ಹೆಂಗಸಿನ ಎತ್ತರಕ್ಕೆ ಏರಿತು. ಏರಿದ ನೀರು ಕೆಳಗೆ ಬೀಳಲಿಲ್ಲ. ಹಾಗೇ ನಿಂತಿತು.

"ಶ್ವಾಸಂ ಮುಟ್ಟುನ್ನು..." ನೀರೊಳಗಿಂದ ಪಿಸುದನಿ. ಉಸಿರು ಕಟ್ಟುತ್ತಿದೆ ಅಂತ.

ಬಳಸಿ ಹೋಗಲು ಬೇರೆ ದಾರಿಯಿತ್ತು. ಇವತ್ತು ಬಳಸಿದರೆ ನಾಳೆ ಗಂಡ ಕರೆದುಕೊಂಡು ಹೋಗಲು ಬರುತ್ತಾರೆ. ನಾಡಿದ್ದು ಕೆಲಸವೇ ಇರುವುದಿಲ್ಲ. ವೇದವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ನನಗೂ ಕಟ್ಟುತ್ತದೆ, ಮನೆಯಲ್ಲಿ ಕೂರಿಸಿದರೆ," ಅಂದರು ಮೆಲ್ಲಗೆ. "ದಾರಿ ಬಿಡು."

ನೀರು ಅಲುಗಲಿಲ್ಲ.

"ಏನು ಬೇಕು ನಿನಗೆ?"

"ಕಾಲ್..."

ವೇದವತಿ ತಮ್ಮ ಎರಡು ಪಾದಗಳನ್ನೂ ಬಗ್ಗಿ ನೋಡಿಕೊಂಡರು.

"ಒಂದು ಕೊಡುತ್ತೇನೆ. ಎರಡೂ ಕೇಳಬೇಡ, ನಾನು ನಾಳೆಯೂ ಡ್ಯೂಟಿಗೆ ನಡೆಯಬೇಕು."

ಚಪ್ಪಲಿ ಕಳಚಿ, ಎಡಗಾಲನ್ನು ಕಲ್ಲಿನ ಮೇಲೆ ಊರಿದರು. ಮೊಣಕಾಲಿನವರೆಗೂ ಕೊರೆಯುವ ಚಳಿ... ಚಪ್ಪಡಿಯ ಅಡಿಯಲ್ಲಿ, ತುಂಬಾ ಆಳದಲ್ಲಿ, ಯಾರೋ ಉಸಿರೆಳೆದುಕೊಂಡರು. ಹ್ಹಾ... ಮುಗಿಯದಷ್ಟು ಉದ್ದದ ಉಸಿರು. ಮರುಗಳಿಗೆ ನೀರೆಲ್ಲ ದಬಕ್ಕನೆ ಕುಸಿಯಿತು.

ಮನೆ ಬಾಗಿಲಲ್ಲಿ ನಟರಾಜರು ಕಾದಿದ್ದರು.

"ಸೀರೆಯೆಲ್ಲ ಒದ್ದೆ! ಏನಾಯಿತೇ?"

"ನಿಮ್ಮ ಕಾರಂಜಿ ಭಾರೀ ಲಾಯ್ಕಿದೆ. ಅದಕ್ಕೆ ಪಂಪೇ ಬೇಡ," ಅಂದು ವೇದವತಿ ಊಟಕ್ಕೆ ಕುಳಿತರು.

ಆಮೇಲೆ ಐದನೆಯ ಬುಗ್ಗೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದದ್ದನ್ನು ಯಾರೂ ಕಾಣಲಿಲ್ಲ. ವೇದವತಿ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ. ಈಗ ಕೊಚ್ಚಿಗೆ ವರ್ಗವಾಗಿ ಪಾಲಾರಿವಟ್ಟಂನಲ್ಲಿದ್ದಾರೆ, ಅಲ್ಲೂ ಅದೇ ಕೆಲಸ. ಇದು ಕಟ್ಟುಕತೆಯಲ್ಲ. ಅನುಮಾನವಿದ್ದವರು ಅಲ್ಲಿನ ಅವರ ಮನೆಗೆ ಹೋಗಿ ನೋಡಬಹುದು. ಅವರ ಎಡಗಾಲಿನ ಚಪ್ಪಲಿ, ಎಂಥ ಬೇಸಿಗೆಯಲ್ಲೂ, ತಿಂಗಳು ತುಂಬುವುದರೊಳಗೆ ನೆನೆದು ಕೊಳೆತುಹೋಗುತ್ತದೆ. ಅವರು ಮತ್ತೆ ಹೊಸ ಜೋಡು ಕೊಳ್ಳುತ್ತಾರೆ. ಬಲಗಾಲಿನವೆಲ್ಲ ಹೊಸದರ ಹಾಗೇ ಮಂಚದ ಕೆಳಗೆ ಸಾಲಾಗಿವೆ.